ಮಾಸ್ಟರ್ ಮನೆ

ಆ ಬೀದಿಯಲ್ಲಿ ಮಾಸ್ಟರ್ ಮನೆ ಯಾವುದು ಎಂದು ಕೇಳಿದರೆ ಚಿಕ್ಕ ಮಕ್ಕಳೂ ತೋರಿಸುತ್ತಾರೆ. ಮಾಸ್ಟರ್ ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ, ಕಟಿಂಗ್ ಮಾಸ್ಟರ್. ಶಾಲೆಯ ಹುಡುಗರು, ಆಸ್ಪತ್ರೆಯ ಆಯಾಗಳು, ಬ್ಯಾಂಕಿನ ಬಾಗಿಲು ಕಾಯುವವರು, ಹೀಗೆ ದಿನಾ ಒಂದೇ ಥರದ ಬಟ್ಟೆ ತೊಟ್ಟು ಹೋಗಬೇಕಾದವರಿಗೆಲ್ಲ ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವವನು ಅವನು. ಟೈಲರುಗಳು ಬರುತ್ತಾರೆ, ಹೋಗುತ್ತಾರೆ, ಮಾಸ್ಟರ್ ಒಬ್ಬನೇ. ಕತ್ತರಿಸುವಾಗ ತಪ್ಪಿದ್ದನ್ನು ಹೊಲಿಯುವಾಗ ಸರಿಮಾಡಲು ಬರುವುದಿಲ್ಲ, ಹಾಗಾಗಿ ಅವನ ಸಂಬಳವೂ ಎಲ್ಲರಿಗಿಂತ ಹೆಚ್ಚು. ಹೆಂಡತಿ ಅದೇ ಮೇಜಿನ ಹತ್ತಿರ ಹೆಲ್ಪರ್. ಹೆಲ್ಪರ್ ಎಂದರೆ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಮೇಜಿಗೆ ಹಾಸುವವಳು, ಚೂರು ಗುಡಿಸುವವಳು, ಕೇಳಿದ್ದನ್ನು ಎತ್ತಿಕೊಡುವವಳು. ಅವಳ ಸಂಬಳ ಗಂಡನದರ ಅರ್ಧವೂ ಇಲ್ಲ.

ಇಷ್ಟು ಬೀದಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಒಂದೇ. ಕತ್ತರಿಸುತ್ತಿದ್ದವಳು ಅವಳು.

ಮಗಳು ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಮಾಸ್ಟರನಿಗೆ ಸಕ್ಕರೆ ಕಾಯಿಲೆ ಹತ್ತಿಕೊಂಡಿತು. ಕಣ್ಣು ಮಂಜಾಯಿತು, ಕೈ ನಡುಗಲು ಶುರುವಾಯಿತು. ಒಂದು ಮಧ್ಯಾಹ್ನ ನೀಲಿ ಬಟ್ಟೆಯ ದಪ್ಪ ಹಾಸಿನ ಮೇಲೆ ಅವನ ಕಟಿಂಗ್ ಮೆಷಿನ್ನು ಸೀಮೆಸುಣ್ಣದ ಗೆರೆ ಬಿಟ್ಟು ಅಡ್ಡದಾರಿ ಹಿಡಿಯಿತು. ಹೆಂಡತಿ ಸ್ವಿಚ್ ಆರಿಸಿದಳು. ಅವನು ಬೆವರುತ್ತಾ ಸ್ಟೂಲಿನ ಮೇಲೆ ಕೂತ. ಅಷ್ಟು ವರ್ಷ ಬಟ್ಟೆ ಹಾಸುತ್ತಾ ನೋಡುತ್ತಾ ಬಂದವಳು ಮೆಷಿನ್ನಿನ ಹಿಡಿಕೆ ಹಿಡಿದು, ಕೆಟ್ಟ ಅಂಚನ್ನು ತೆಗೆದು, ದೊಡ್ಡವರ ಅಂಗಿಯನ್ನು ಹುಡುಗರ ಅಂಗಿಯ ಅಳತೆಗೆ ಇಳಿಸಿ ಬಟ್ಟೆ ಉಳಿಸಿದಳು. ಇವತ್ತೊಂದು ದಿನ ನೀನೇ ಮಾಡು ಎಂದ ಗಂಡ. ಆ ಇವತ್ತೊಂದು ದಿನ ಮತ್ತೆ ಮುಗಿಯಲೇ ಇಲ್ಲ.

ಕೆಲಸ ಹೋದೀತು, ಮರ್ಯಾದೆಯೂ ಹೋದೀತು ಎಂದು ಗಂಡಹೆಂಡಿರು ಒಂದು ಪದ್ಧತಿ ಮಾಡಿಕೊಂಡರು. ಕಟಿಂಗ್ ರೂಮು ಕಾರ್ಖಾನೆಯ ಹಿಂಬದಿಯ ಮಹಡಿಯಲ್ಲಿತ್ತು. ಅಲ್ಲಿಗೆ ಕಬ್ಬಿಣದ ಮೆಟ್ಟಿಲು. ಮಾಲೀಕನ ಬೂಟು ಮೆಟ್ಟಿಲ ಮೇಲೆ ಬಿದ್ದರೆ ಮೇಲಿನ ನೆಲವೂ ಸಣ್ಣಗೆ ನಡುಗುತ್ತಿತ್ತು. ನಡುಕ ಅಂಗಾಲಿಗೆ ತಾಕಿದ ಕೂಡಲೇ ಅವಳು ಮೆಷಿನ್ ಬಿಟ್ಟು ಪಕ್ಕಕ್ಕೆ ಸರಿಯುವಳು, ಮಾಸ್ಟರ್ ಸ್ಟೂಲಿನಿಂದ ಎದ್ದು ಹಿಡಿಕೆ ಹಿಡಿಯುವನು. ಮಾಲೀಕ ಬಾಗಿಲಿಗೆ ಬರುವ ಹೊತ್ತಿಗೆ ಮಾಸ್ಟರ್ ಗಂಭೀರವಾಗಿ ಬಟ್ಟೆ ನೋಡುತ್ತಿರುವನು, ಹೆಂಡತಿ ತಲೆ ಬಗ್ಗಿಸಿ ಅಂಚು ಒತ್ತಿಹಿಡಿದಿರುವಳು. ಇದಕ್ಕೆ ಅವರು ಕೈ ಬದಲಾಯಿಸೋದು ಎನ್ನುತ್ತಿದ್ದರು. ಬುತ್ತಿ ಕೊಡಲು ಹೋದಾಗ ಇದನ್ನೊಮ್ಮೆ ಕಣ್ಣಾರೆ ಕಂಡ ಮಗಳು, ನೀವಿಬ್ಬರೂ ನಾಟಕ ಕಂಪನಿಗೆ ಸೇರಬೇಕಿತ್ತು ಎಂದು ಆಗಾಗ ಚುಚ್ಚುತ್ತಿದ್ದಳು.

ಮೆಷಿನ್ ಹಿಡಿಯುವಾಗ ಎಡಗೈಗೆ ಹಾಕಿಕೊಳ್ಳಲು ಉಕ್ಕಿನ ಬಲೆಯ ಗ್ಲೌಸು ಒಂದಿತ್ತು. ಅದು ಗಂಡಸಿನ ಕೈಯಳತೆಯದು. ಅವಳ ಕೈಗೆ ಹಾಕಿದರೆ ಬೆರಳ ತುದಿಗಳು ಜೋಲಾಡಿ ಮೆಷಿನ್ನಿಗೆ ಸಿಕ್ಕಿಕೊಳ್ಳುತ್ತಿದ್ದವು. ಆದ್ದರಿಂದ ಗ್ಲೌಸು ಹಾಕಿಕೊಂಡು ಮಾಸ್ಟರ್ ಕೂತಿರುತ್ತಿದ್ದ, ಬರಿಗೈಯಲ್ಲಿ ಅವಳು ಕತ್ತರಿಸುತ್ತಿದ್ದಳು. ಇದರಲ್ಲಿ ವಿಚಿತ್ರವಿದೆ ಎಂದು ಇಬ್ಬರಿಗೂ ಅನ್ನಿಸಿರಲಿಲ್ಲ.

ಮನೆಯಲ್ಲಿ ಅಜ್ಜಿಗೆ, ಅಂದರೆ ಮಾಸ್ಟರನ ತಾಯಿಗೆ, ಇದು ಯಾವುದೂ ತಿಳಿಯದು. ಊಟಕ್ಕೆ ಕೂತಾಗ ಮನೆಯಲ್ಲಿ ಮೊಟ್ಟೆ ಬೇಯಿಸಿದ್ದರೆ ಮೊದಲ ಮೊಟ್ಟೆ ಮಗನ ತಟ್ಟೆಗೇ ಬೀಳಬೇಕು. ದಿನವಿಡೀ ನಿಂತು ದುಡಿಯೋ ಮೈ ಎಂದು ಅಜ್ಜಿಯ ಮಾತು. ಎರಡನೆಯದು ಮೊಮ್ಮಗನಿಗೆ, ಗಂಡುಹುಡುಗ ಬೆಳೆಯಬೇಕಲ್ಲ. ಅವನು ಬೆಳೆದು ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಳ್ಳುವಷ್ಟಾದ ಮೇಲೂ ಅಜ್ಜಿಯ ಲೆಕ್ಕ ಬದಲಾಗಲಿಲ್ಲ. ಅವನು ಬೈಕಿನಲ್ಲಿ ಪಾರ್ಸೆಲ್ ಹಂಚುವ ಕೆಲಸ ಮಾಡುತ್ತಿದ್ದವನು, ಗಿರಾಕಿಯೊಬ್ಬನ ಜೊತೆ ಜಗಳವಾಡಿ ಕೆಲಸ ಕಳೆದುಕೊಂಡು ಮನೆಯಲ್ಲಿದ್ದ. ಮಗಳು ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್ ಹುಡುಗಿ. ಅಲ್ಲಿ ಗಿರಾಕಿ ಇರಲಿ ಬಿಡಲಿ ಹುಡುಗಿಯರು ಕೂರುವಂತಿಲ್ಲ. ಸಂಜೆ ಮನೆಗೆ ಬಂದವಳೇ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಟ್ಟು ಕೂತರೆ ಊಟದ ತನಕ ಮೇಲೇಳುತ್ತಿರಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಮನೆಗೆ ಮಾಸ್ಟರನ ಕಾಲಿನ ಗಾಯ ಬಂತು. ಚಪ್ಪಲಿ ಕಚ್ಚಿದ ಗಾಯ, ಮೊದಲಿಗೆ ಯಾರೂ ಲೆಕ್ಕಕ್ಕಿಡಲಿಲ್ಲ. ಕೊನೆಗೆ ಡಾಕ್ಟರು ಹೆಬ್ಬೆರಳು ತೆಗೆದರು. ಗಾಯ ಮೇಲಕ್ಕೆ ಹತ್ತಿದರೆ ಪಾದವನ್ನೂ ತೆಗೆಯಬೇಕಾಗುತ್ತದೆ, ಇನ್ನು ಮೆಟ್ಟಿಲು ಹತ್ತುವ ಕೆಲಸ ಮರೆತುಬಿಡಿ ಎಂದರು. ಮಾಸ್ಟರ್ ಮನೆಯ ಮಂಚ ಹಿಡಿದ.

ಅವನ ಸಂಬಳ ನಿಂತರೆ ಬಾಡಿಗೆಯಿಲ್ಲ, ಔಷಧಿಯಿಲ್ಲ. ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಅವಳು ರೊಟ್ಟಿ ಮಗುಚುತ್ತಾ, ಏನೋ ಉಪ್ಪು ಕಡಿಮೆಯಾಗಿದೆ ಎನ್ನುವ ಧಾಟಿಯಲ್ಲಿ ಹೇಳಿದಳು.

"ಮಾಸ್ಟರ್ ಕೆಲಸ ನನಗೇ ಕೊಡಿ ಅಂತ ಕೇಳ್ತೀನಿ."

ಮಗ ನಕ್ಕ. "ನಿನ್ನನ್ನ ಏನಂತ ಕರೀಬೇಕು ಆಗ? ಮಾಸ್ಟ್ರಮ್ಮ ಅಂತಾನಾ?"

"ಏನಾದ್ರೂ ಕರೀರಿ. ಸಂಬಳ ಕೊಟ್ರೆ ಸಾಕು."

ಅಜ್ಜಿ ಮೂಗು ಮುರಿದಳು. ಹೆಂಗಸರಿಗೆ ಕತ್ತರಿಸೋದು ಬಂದಿದ್ದರೆ ಗಂಡಸರು ಯಾಕೆ ಬೇಕಿತ್ತು ಎಂಬುದು ಅವಳ ಪ್ರಶ್ನೆ. ಮಂಚದ ಮೇಲೆ ಮಾಸ್ಟರ್ ಹೊದಿಕೆ ಎಳೆದುಕೊಂಡ.

ಮಾಲೀಕ ಒಳ್ಳೆಯ ಮಾತಿನ ಮನುಷ್ಯ. ಕೆಲಸದವರನ್ನು ಬೈಯುವುದಿಲ್ಲ. ಬೈಯದೆಯೇ ಕೆಲಸ ಆಗುವಾಗ ಯಾಕೆ ಬೈಯಬೇಕು ಹೇಳಿ. ಅವಳನ್ನು ಕೂರಿಸಿ, ಮಾಸ್ಟರನ ಕಾಲಿನ ಬಗ್ಗೆ ವಿಚಾರಿಸಿ, ಬಂದ ಕಾರಣ ಕೇಳಿಸಿಕೊಂಡು ತಲೆದೂಗಿದ.

"ನಿನಗೆ ಕತ್ತರಿಸೋಕೆ ಬರುತ್ತೇನಮ್ಮ?"

"ಬರುತ್ತೆ ಸಾರ್."

"ಯಾವಾಗ ಕಲಿತೆ? ನಾನು ಯಾವಾಗ ಬಂದರೂ ನೀನು ಬಟ್ಟೆ ಹಿಡ್ಕೊಂಡು ನಿಂತಿರ್ತಿದ್ದೆ."

ನಿಜ ಹೇಳಿದರೆ, ಇಷ್ಟು ವರ್ಷ ಕೆಲಸ ಮಾಡದೆ ಸಂಬಳ ತಿಂದ ಎಂದು ಗಂಡನ ಮೇಲೆ ಬರುತ್ತದೆ. ಇಷ್ಟು ವರ್ಷದ ಕೆಲಸಕ್ಕೆ ಗಂಡನಿಗೆ ಬರಬೇಕಾದ ಸರ್ವಿಸ್ ದುಡ್ಡು ಇನ್ನೂ ಮಾಲೀಕನ ಕೈಯಲ್ಲೇ ಇದೆ. ಆ ದುಡ್ಡಿನ ಮೇಲೆ ಪಾದ ಉಳಿಯುವುದೋ ಹೋಗುವುದೋ ನಿಂತಿದೆ. ನೋಡಿ ನೋಡಿ ಕಲಿತೆ ಎಂದಷ್ಟೇ ಹೇಳಿದಳು. ಸರಿ, ಯೋಚನೆ ಮಾಡೋಣ, ಅಲ್ಲಿಯವರೆಗೆ ಹೇಗೋ ಮೇಜು ನಡೆಸಿಕೊಂಡು ಹೋಗು ಎಂದ ಮಾಲೀಕ.

ನಡೆಸಿಕೊಂಡು ಹೋದಳು. ಹಾಸುವವಳೂ ಅವಳೇ, ಗೆರೆ ಎಳೆಯುವವಳೂ ಅವಳೇ, ಕತ್ತರಿಸಿ ಕಟ್ಟು ಕಟ್ಟುವವಳೂ ಅವಳೇ. ಶಾಲೆ ಶುರುವಾಗುವ ಮೊದಲಿನ ವಾರಗಳು, ಕೆಲಸ ತಲೆಯ ಮೇಲೆ ಬಂದು ಬೀಳುವ ಹೊತ್ತು. ಒಂದು ತುಂಡೂ ತಿರುಗಿ ಬರಲಿಲ್ಲ. ತಿಂಗಳು ಮುಗಿದಾಗ ಕೈಗೆ ಬಂದದ್ದು ಅದೇ ಹೆಲ್ಪರ್ ಸಂಬಳ. ಕೇಳಿದರೆ ಗುಮಾಸ್ತ, ನಿಮ್ಮ ಹುದ್ದೆ ಏನಿದೆಯೋ ಅದಕ್ಕೆ ತಾನೇ ಸಂಬಳ, ಮಾಡೋ ಕೆಲಸಕ್ಕೆ ಅಲ್ಲವಲ್ಲ ಎಂದ. ಅವನು ತಮಾಷೆಗೆ ಹೇಳಿದ್ದಲ್ಲ, ನಿಜಕ್ಕೂ ಹಾಗೆಯೇ ತಿಳಿದಿದ್ದ.

ಅಂದು ಸಂಜೆ ಮಗಳು ಬಕೆಟ್ಟಿನಿಂದ ಕಾಲು ಹೊರಗೆಳೆದು ಸಿಡಿದಳು. ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಬೇಕೆಂದು ಕಾನೂನಿದೆ, ಲೇಬರ್ ಆಫೀಸು ಅಂತ ಒಂದಿದೆ, ಸುಮ್ಮನೆ ಕೂತರೆ ಯಾರೂ ಮನೆಗೆ ತಂದುಕೊಡುವುದಿಲ್ಲ ಎಂದು ತಾಯಿಯ ಬೆನ್ನು ಹತ್ತಿದಳು. ನೀನು ನಿನ್ನ ಅಂಗಡಿಯಲ್ಲಿ ಒಂದು ಸ್ಟೂಲು ಕೇಳೋಕೆ ಆಗಿಲ್ಲ, ಇಲ್ಲಿ ಬಂದು ಲಾಯರ್ ಆಗ್ತೀಯಾ ಎಂದು ಅಣ್ಣ ಕೆಣಕಿದ. ಆ ಮಾತು ನಾಟಿತು. ಆದರೆ ಅವಳು ಬಿಡಲಿಲ್ಲ, ಅರ್ಧ ದಿನದ ರಜೆ ಹಾಕಿ ಅಮ್ಮನನ್ನು ಕರೆದುಕೊಂಡೇ ಹೋದಳು.

ಲೇಬರ್ ಆಫೀಸಿನಲ್ಲಿ ಕನ್ನಡಕ ಹಾಕಿದ ಅಧಿಕಾರಿ ಹೆಂಗಸೊಬ್ಬಳಿದ್ದಳು. ಪೂರ್ತಿ ಕೇಳಿಸಿಕೊಂಡಳು. ಎಲ್ಲೂ ನಗಲಿಲ್ಲ, ಅವಸರ ಮಾಡಲಿಲ್ಲ. ಅಷ್ಟಕ್ಕೇ ಮಾಸ್ಟರನ ಹೆಂಡತಿಗೆ ಕಣ್ಣು ತುಂಬಿತು. ಕಾನೂನು ನಿಮ್ಮ ಕಡೆ ಇದೆ, ಆದರೆ ಇಷ್ಟು ವರ್ಷ ಕತ್ತರಿಸಿದ್ದು ನೀವೇ ಎಂದು ಕಂಡವರು ಯಾರಾದರೂ ಹೇಳಬೇಕು ಎಂದಳು ಅಧಿಕಾರಿ. ವಿಚಾರಣೆಗೆ ದಿನ ಗೊತ್ತುಮಾಡಿದಳು. ಮಾಲೀಕನಿಗೂ ನೋಟೀಸು ಹೋಗುತ್ತದೆ ಎಂದಳು.

ಕಂಡವರು ಇಲ್ಲದೆ ಇಲ್ಲ. ಕೆಳಗಿನ ಟೈಲರುಗಳಿಗೆ ಅರ್ಧಂಬರ್ಧ ಗೊತ್ತಿತ್ತು. ಊಟದ ಹೊತ್ತಿನಲ್ಲಿ ಅವಳು ಒಬ್ಬೊಬ್ಬರನ್ನೇ ಕೇಳಿದಳು. ಅಕ್ಕಾ, ನಿಮ್ಮ ಮೇಲೆ ಗೌರವ ಇದೆ, ಆದರೆ ನಮ್ಮನ್ನು ಎಳೀಬೇಡಿ ಎಂದರು. ಒಬ್ಬಳು ಮಾತ್ರ, ನಿಮಗೆ ಕೊಟ್ಟರೆ ನಮಗೂ ಕೊಡಬೇಕಾಗುತ್ತೆ ಅಂತ ಅವನು ಕೊಡೋದಿಲ್ಲ ಬಿಡಿ ಎಂದು ಬುತ್ತಿ ಮುಚ್ಚಿದಳು. ಉಳಿದವನು ಒಬ್ಬನೇ, ಸ್ಟೂಲಿನ ಮೇಲೆ ಕೂತು ದಿನವೂ ಕಂಡವನು.

ಮನೆಯಲ್ಲಿ ಆ ಮಾತು ತೆಗೆದವಳು ಮಗಳು. ಅಪ್ಪ ಬಂದು ಹೇಳಲಿ ಎಂದಳು. ಏನಂತ ಹೇಳಬೇಕು ಎಂದಳು ಅಜ್ಜಿ. ಮಗಳು ತಡೆಯಲಾರದೆ ಎಲ್ಲವನ್ನೂ ಅಜ್ಜಿಯ ಮುಂದೆ ಹೊರಹಾಕಿದಳು. ಅಜ್ಜಿ ತುತ್ತು ಕೈಯಲ್ಲೇ ಹಿಡಿದು ಮಗನ ಕಡೆ ತಿರುಗಿದಳು.

"ಹೌದೇನೋ?"

ಮಾಸ್ಟರ್ ತಟ್ಟೆ ನೋಡುತ್ತಿದ್ದ. "ಸ್ವಲ್ಪ ಕೈ ಜೋಡಿಸ್ತಿದ್ಲು."

"ಸ್ವಲ್ಪನಾ?" ಎಂದಳು ಮಗಳು.

"ನೀನು ಸುಮ್ನಿರೇ," ಎಂದ ಅಣ್ಣ. "ಅಪ್ಪನ್ನ ಕಳ್ಳ ಅಂತ ಬರೆಸಿ ಅಮ್ಮನ್ನ ಮಾಸ್ಟರ್ ಮಾಡ್ಬೇಕಾ? ಸರ್ವಿಸ್ ದುಡ್ಡು ಹೋದ್ರೆ ಅಪ್ಪನ ಕಾಲಿಗೆ ನಿನ್ನ ಕಾನೂನು ಬ್ಯಾಂಡೇಜ್ ಕಟ್ಟುತ್ತಾ?"

ಇಬ್ಬರೂ ಕೂಗಾಡಿದರು. ಪಕ್ಕದ ಮನೆಯ ಟೀವಿ ಸದ್ದು ಕಡಿಮೆಯಾಯಿತು, ಅಲ್ಲೂ ಕಿವಿಗಳಿದ್ದವು. ತಾಯಿ ಬಿದ್ದ ಅನ್ನವನ್ನು ಒರೆಸಿ ತೆಗೆದಳು. ಅಜ್ಜಿ ಅರ್ಧ ಊಟಕ್ಕೇ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಆಮೇಲೆ ಸೊಸೆಯ ಜೊತೆ ಮಾತೇ ಬಿಟ್ಟಳು. ನೀರು ಬೇಕಾದರೆ ಮೊಮ್ಮಗಳ ಹೆಸರು ಹೇಳಿ ಗಾಳಿಗೆ ಕೇಳುವಳು.

ಗಾಯಕ್ಕೆ ಔಷಧಿ ಹಚ್ಚಿ ಬಟ್ಟೆ ಸುತ್ತುವುದು ಬೆಳಗಿನ ಕೆಲಸ. ನೋಟೀಸು ಹೋದ ಮೇಲಿನ ಒಂದು ಬೆಳಗ್ಗೆ ಅವಳು ಬಗ್ಗಿ ಗಂಟು ಹಾಕುತ್ತಿದ್ದಾಗ ಮಾಸ್ಟರ್ ಅವಳ ಕೈಯನ್ನೇ ನೋಡುತ್ತಿದ್ದ. ಎಡಗೈ ತೋರುಬೆರಳಿನ ಮೇಲೆ ಹಳೆಯ ಗೀರುಗಳು, ಹೆಬ್ಬೆರಳ ಉಗುರಿನ ಒಂದು ಮೂಲೆಯೇ ಇರಲಿಲ್ಲ.

"ಬರ್ತೀನಿ ಕಣೇ," ಎಂದ. "ಲೇಬರ್ ಆಫೀಸಿಗೆ. ಆಟೋದಲ್ಲಿ ಕರ್ಕೊಂಡು ಹೋಗು. ಹೇಳ್ತೀನಿ."

ಅವಳು ಗಂಟನ್ನು ಇನ್ನೊಮ್ಮೆ ಬಿಗಿದಳು. "ನೋವಾಯ್ತೇನ್ರೀ?" ಎಂದಷ್ಟೇ ಕೇಳಿದಳು.

ಆದರೆ ಅವಳಿಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಟ್ಟು ಹೇಳುವುದೇಕೆ. ಮದುವೆಯಾದಂದಿನಿಂದ ಅವನು ಅವಳಿಗೆ ಕೊಟ್ಟದ್ದರಲ್ಲಿ ಇದೇ ದೊಡ್ಡದೆಂದು ತೋರಿತು. ಆ ದಿನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸುವಾಗ ಬಾಯಲ್ಲಿ ಯಾವುದೋ ಹಳೆಯ ಹಾಡು ತಾನೇ ಬಂತು. ಸಂಜೆ ಬರುವಾಗ ಮೊಟ್ಟೆ ತಂದಳು. ತಂದವಳು ಮನೆಯವರಿಗೆಲ್ಲ ಒಂದೊಂದು ಬೇಯಿಸಿದಳು, ತನಗೂ ಒಂದು. ಎಷ್ಟೋ ವರ್ಷಗಳ ಮೇಲೆ ತನ್ನ ಪಾಲಿನ ಮೊಟ್ಟೆಯನ್ನು ಕೂತು, ಉಪ್ಪು ಹಾಕಿಕೊಂಡು, ಪೂರ್ತಿ ತಿಂದಳು. ಮಗಳು ನೋಡಿ ನಕ್ಕಳು.

ವಿಚಾರಣೆಗೆ ಇನ್ನು ಸ್ವಲ್ಪವೇ ದಿನ ಇದ್ದಾಗ, ಒಂದು ಭಾನುವಾರ ಬೀದಿಯಲ್ಲಿ ಕಾರು ನಿಂತಿತು. ಮಾಲೀಕ ಹಣ್ಣಿನ ಬುಟ್ಟಿ ಹಿಡಿದು ತಾನೇ ಬಂದ, ಹಿಂದೆ ಗುಮಾಸ್ತ. ಬೀದಿಯ ಅರ್ಧ ಜನ ಬಾಗಿಲಿಗೆ ಬಂದರು. ಮನೆಯಲ್ಲಿದ್ದ ಒಂದೇ ಒಂದು ಗಟ್ಟಿ ಕುರ್ಚಿಯನ್ನು ಮಗ ಒರೆಸಿ ಹಾಕಿದ. ಮಾಲೀಕ ಅಜ್ಜಿಗೆ ಕೈಮುಗಿದ. ಇಂಥ ಮಗನನ್ನು ಹೆತ್ತ ಪುಣ್ಯಾತ್ಗಿತ್ತಿ ನೀವು, ನಿಮ್ಮ ಮಗನ ಕೈಯಿಂದಲೇ ನನ್ನ ಕಾರ್ಖಾನೆ ನಿಂತದ್ದು ಎಂದ. ದಿನಗಟ್ಟಲೆ ಗಂಟು ಹಾಕಿಕೊಂಡಿದ್ದ ಅಜ್ಜಿಯ ಮುಖ ಬಿಚ್ಚಿಕೊಂಡಿತು.

ಹೆಂಡತಿ ಅಡಿಗೆಮನೆಯಲ್ಲಿ ಟೀ ಸೋಸುತ್ತಿದ್ದಳು. ಗೋಡೆ ತೆಳು, ಎಲ್ಲ ಮಾತೂ ಕೇಳುತ್ತಿತ್ತು. ಸರ್ವಿಸ್ ದುಡ್ಡಿನ ಚೆಕ್ಕು ಬರೆಸಿಯೇ ತಂದಿದ್ದೇನೆ ಎಂದ ಮಾಲೀಕ. ಹಾಗೆಯೇ ಮಾಸ್ಟರ್ ಜಾಗವನ್ನು ಹೊರಗಿನವರಿಗೆ ಕೊಡಲು ಮನಸ್ಸಿಲ್ಲ, ಅದು ಈ ಮನೆಯಲ್ಲೇ ಉಳಿಯಬೇಕು ಎಂದ. ಒಂದು ಕ್ಷಣ, ತನ್ನನ್ನೇ ಕರೆಯುತ್ತಾರೆಂದು ಅವಳು ಸೆರಗು ಸರಿಮಾಡಿಕೊಂಡಳು.

"ನಿಮ್ಮ ಮಗ ಬರ್ಲಿ," ಎಂದ ಮಾಲೀಕ. "ಪೂರ್ತಿ ಸಂಬಳ. ಅಪ್ಪನ ಕೈ ಮಗನಿಗೆ ಬರ್ದೆ ಎಲ್ಲಿ ಹೋಗುತ್ತೆ? ಅವರಮ್ಮ ಹೇಗೂ ಜೊತೆಗಿರ್ತಾರೆ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗ ನೆಟ್ಟಗೆ ನಿಂತ. ಅವನಿಗೆ ಆಸೆ ಇತ್ತು, ತಪ್ಪೇನು. ಮನೆಯಲ್ಲಿ ಕೂತು ಅಜ್ಜಿಯ ಮೊಟ್ಟೆ ತಿನ್ನುವುದು ಅವನಿಗೂ ಸಾಕಾಗಿತ್ತು.

"ಆದ್ರೆ ಲೇಬರ್ ಆಫೀಸಿನಿಂದ ಏನೋ ಬಂದಿದೆ," ಎಂದು ಮಾಲೀಕ ದನಿ ಇಳಿಸಿದ. "ಹೆಂಗಸರು, ಕಷ್ಟದಲ್ಲಿ ಯಾರದೋ ಮಾತು ಕೇಳಿರ್ತಾರೆ, ನಾನು ಮನಸ್ಸಿಗೆ ಹಚ್ಕೊಂಡಿಲ್ಲ. ನೀವು ಒಂದೇ ಮಾತು ಹೇಳಿಬಿಡಿ ಮಾಸ್ಟ್ರೇ. ಆ ಮೇಜಿನ ಮೇಲೆ ಇಷ್ಟು ವರ್ಷ ಕತ್ತರಿಸಿದ್ದು ಯಾರು?"

ಅವಳು ಟೀ ಲೋಟಗಳ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಮಾಸ್ಟರ್ ಮೊದಲು ಅವಳನ್ನು ನೋಡಿದ. ಆಮೇಲೆ ತಾಯಿಯನ್ನು, ಮಗನನ್ನು, ತನ್ನ ಕಾಲನ್ನು. ಬಾಗಿಲ ಹೊರಗೆ ನಿಂತ ಬೀದಿಯ ಮುಖಗಳನ್ನೂ ನೋಡಿದ.

"ನಾನೇ," ಎಂದ.

ಗುಮಾಸ್ತ ಬರೆದು ತಂದಿದ್ದ ಹಾಳೆಗೆ ಸಹಿ ಮಾಡಿಸಿಕೊಂಡ. ಅವಳು ಎಲ್ಲರಿಗೂ ಟೀ ಕೊಟ್ಟಳು. ಮಾಲೀಕ ಒಂದು ಗುಟುಕು ಕುಡಿದು, ಚೆನ್ನಾಗಿದೆಯಮ್ಮ ಎಂದ.

ಮಗಳೊಬ್ಬಳೇ ವಿಚಾರಣೆಯ ದಿನ ಹೋಗೋಣವೆಂದು ಹಟ ಹಿಡಿದಳು. ಹೋಗಿ ಏನು ಹೇಳಲಿ, ನನ್ನ ಗಂಡ ಸುಳ್ಳುಗಾರ ಅಂತಲೇ ಎಂದಳು ತಾಯಿ. ಆದರೂ ಹೋದರು. ಕನ್ನಡಕದ ಅಧಿಕಾರಿ ಸಹಿ ಮಾಡಿದ ಹಾಳೆಯನ್ನು ಎರಡು ಸಲ ಓದಿ, ನಿಮ್ಮ ಯಜಮಾನರೇ ಹೀಗೆ ಹೇಳಿದ ಮೇಲೆ ನಾನು ಏನು ಮಾಡಲಿ ಎಂದಳು. ಅವಳಿಗೂ ಬೇಸರವಾಗಿತ್ತು. ಬೇಸರದಿಂದ ಯಾರಿಗೂ ಸಂಬಳ ಹೆಚ್ಚಾಗುವುದಿಲ್ಲ. ದಾರಿಯುದ್ದಕ್ಕೂ ಮಗಳು ಬೈಯುತ್ತಾ ಬಂದಳು. ತಾಯಿ ನಡುವೆ ಒಂದು ಕಡೆ ನಿಂತು ಈರುಳ್ಳಿ ಕೊಂಡಳು.

ಮಗ ಇಸ್ತ್ರಿ ಮಾಡಿದ ಅಂಗಿ ಹಾಕಿ ಮಾಸ್ಟರ್ ಆಗಿ ಹೊರಟ. ಮೊದಲ ವಾರ ಸ್ಟೂಲಿನ ಮೇಲೆ ಕೂತ, ಗ್ಲೌಸು ಅವನ ಕೈಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಮೆಟ್ಟಿಲು ನಡುಗಿದಾಗ ಎದ್ದು ಹಿಡಿಕೆ ಹಿಡಿಯುವುದನ್ನು ಅವಳೇ ಕಲಿಸಿದಳು. ಎರಡನೆಯ ವಾರ ಅವನಿಗೆ ನಾಚಿಕೆಯಾಗಿರಬೇಕು. ಅವಳು ಮಾಡುತ್ತಿದ್ದುದನ್ನು ನಾನು ಮಾಡಲಾರೆನೇ ಅನ್ನಿಸಿರಲೂಬಹುದು. ಅವಳು ಕೆಳಗೆ ಊಟಕ್ಕೆ ಹೋದಾಗ ತಾನೇ ಹಾಸಿ, ತಾನೇ ಗೆರೆ ಎಳೆದು, ಖಾಕಿ ಅಂಗಿಗಳ ತೋಳು ಕತ್ತರಿಸಿದ. ಬಟ್ಟೆಯ ಒಳಮೈ ಹೊರಮೈ ನೋಡಿ ತೋಳಿನ ಅಚ್ಚನ್ನು ಒಮ್ಮೆ ಹೀಗೆ, ಒಮ್ಮೆ ತಿರುಗಿಸಿ ಇಡಬೇಕು. ಅವನು ಎಲ್ಲವನ್ನೂ ಒಂದೇ ಥರ ಇಟ್ಟಿದ್ದ. ಅವಳು ಊಟ ಮುಗಿಸಿ ಬಂದು ನೋಡುತ್ತಾಳೆ, ಮೇಜಿನ ತುಂಬಾ ಎಡಗೈ ತೋಳುಗಳು. ಬಲಗೈಯದು ಒಂದೂ ಇಲ್ಲ. ಬ್ಯಾಂಕು ಕಾಯುವವರೆಲ್ಲ ಒಂಟಿಗೈಯವರಾಗಿದ್ದರೆ ಸರಿಹೋಗುತ್ತಿತ್ತು. ಅವಳಿಗೆ ನಗು ಬರುವುದರಲ್ಲಿತ್ತು, ಆಗ ಅವನ ಗ್ಲೌಸು ಕಂಡಿತು. ಉಕ್ಕಿನ ಬಲೆ ಬೆರಳಿನ ಬುಡದಲ್ಲಿ ಅರ್ಧ ಹರಿದಿತ್ತು. ಕೈ ಬಿಳಿಚಿಕೊಂಡಿತ್ತು, ರಕ್ತ ಇರಲಿಲ್ಲ. ಅವನು ನಡುಗುತ್ತಿದ್ದ, ಚಿಕ್ಕವನಿದ್ದಾಗ ಜ್ವರ ಬಂದರೆ ನಡುಗುತ್ತಿದ್ದ ಹಾಗೆಯೇ. ಅವಳು ಅವನ ಬೆರಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದಳು. ಇನ್ನು ಮುಟ್ಟಬೇಡ ಎಂದಳು.

ಹಾಳಾದ ಬಟ್ಟೆಯ ದುಡ್ಡನ್ನು ಅವಳ ಸಂಬಳದಲ್ಲಿ ಹಿಡಿಯುವುದೆಂದು ಬರೆದುಕೊಂಡರು. ಬಟ್ಟೆ ಹಾಸುವುದು ಹೆಲ್ಪರ್ ಜವಾಬ್ದಾರಿ ಎಂದ ಗುಮಾಸ್ತ. ಮಾಸ್ಟರ್ ಕತ್ತರಿಸಿದ್ದು ಸರಿಯಾಗಿಯೇ ಇದೆ, ಗೆರೆಯ ಮೇಲೆಯೇ ಇದೆ ಎಂದ.

ಅಂದಿನಿಂದ ಅವಳೊಳಗೆ ಏನೋ ಗಟ್ಟಿಯಾಯಿತು. ಕೆಲವು ದಿನಗಳ ಮೇಲೆ ಕಾಲ ಕೆಳಗೆ ನೆಲ ನಡುಗಿದಾಗ ಅವಳು ಮೆಷಿನ್ ನಿಲ್ಲಿಸಲಿಲ್ಲ. ಮಗ ಸ್ಟೂಲಿನಿಂದ ಎದ್ದು ಪಕ್ಕಕ್ಕೆ ಬಂದು, ಅಮ್ಮಾ ಕೊಡು, ಅಮ್ಮಾ ಎಂದು ಪಿಸುಗುಟ್ಟಿದ. ಕೊಡಲಿಲ್ಲ. ನೋಡಲಿ ಬಿಡು ಎಂದಳು. ಯಾರ ಸಾಕ್ಷಿಯೂ ಬೇಡ, ಅವನ ಕಣ್ಣೇ ನೋಡಲಿ, ಇವತ್ತಿಗೆ ಇದು ಮುಗಿಯಲಿ. ಅವಳ ಕೈ ಗೆರೆ ಬಿಡಲಿಲ್ಲ. ಬಾಗಿಲಲ್ಲಿ ಮಾಲೀಕ ನಿಂತ. ಅವಳು ಕೊರಳಿನ ತಿರುವನ್ನು ಪೂರ್ತಿ ಕತ್ತರಿಸಿ, ಸ್ವಿಚ್ ಆರಿಸಿ, ತಲೆಯೆತ್ತಿ ನೇರ ನೋಡಿದಳು.

ಮಾಲೀಕನಿಗೆ ಆಶ್ಚರ್ಯವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ.

"ಯಾಕಮ್ಮ, ಇವತ್ತು ಕೈ ಬದಲಾಯಿಸ್ಲಿಲ್ಲ?" ಎಂದ.

ಅದು ಗಂಡಹೆಂಡಿರು ತಮ್ಮೊಳಗೇ ಇಟ್ಟುಕೊಂಡಿದ್ದ ಮಾತು. ಮಾಲೀಕ ಅವಳು ಕತ್ತರಿಸಿದ ತುಂಡೊಂದನ್ನು ಎತ್ತಿ ಅಂಚು ನೋಡಿದ, ಚೆನ್ನಾಗಿ ಬಂದಿದೆ ಎಂದ. ಮುಂದಿನ ವಾರ ಆರ್ಡರ್ ಕೊಡುವ ಹೊರಗಿನ ಪಾರ್ಟಿಯವರು ನೋಡಲು ಬರುತ್ತಾರೆ, ಅವರ ಮುಂದೆ ಮಾತ್ರ ಮೊದಲಿನ ಹಾಗೆಯೇ ನಡೆಯಲಿ, ಮಾಸ್ಟರ್ ಜಾಗದಲ್ಲಿ ಹೆಲ್ಪರ್ ನಿಂತಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಮಗನ ಬೆನ್ನು ತಟ್ಟಿ ಇಳಿದು ಹೋದ.

ಆ ಸಂಜೆ ಮಗನ ಮೊದಲ ಸಂಬಳ ಮನೆಗೆ ಬಂದಿತ್ತು. ಅಜ್ಜಿ ತಾನೇ ನಿಂತು ಮೊಟ್ಟೆ ಬೇಯಿಸಿ, ಮೊದಲನೆಯದನ್ನು ಹೊಸ ಮಾಸ್ಟರನ ತಟ್ಟೆಗೆ ಹಾಕಿದಳು. ಅವನು ಅದನ್ನು ತಾಯಿಯ ಕಡೆ ಸರಿಸಿದ. ತಿನ್ನೋ ಕಂದಾ, ನಿಂತು ದುಡಿಯೋ ಮೈ ಎಂದಳು ಅಜ್ಜಿ. ಅವನು ತಲೆ ತಗ್ಗಿಸಿ ತಿಂದ, ಬೇಗನೆ ಎದ್ದು ಹೊರಗೆ ಹೋದ. ಅಜ್ಜಿಯೂ ಪಕ್ಕದ ಮನೆಗೆ ಸುದ್ದಿ ಹೇಳಲು ಹೋದಳು. ಮಂಚದ ಹತ್ತಿರ ಗಂಡಹೆಂಡಿರು, ಬಾಗಿಲ ಬಳಿ ಬಕೆಟ್ಟಿನಲ್ಲಿ ಕಾಲಿಟ್ಟ ಮಗಳು ಉಳಿದರು.

"ಮಾಲೀಕ್ರಿಗೆ ಗೊತ್ತಿತ್ತು," ಎಂದಳು ಹೆಂಡತಿ. "ಮೊದಲಿನಿಂದ್ಲೂ ಗೊತ್ತಿತ್ತು."

ಮಾಸ್ಟರ್ ಅನ್ನ ಕಲಸುತ್ತಿದ್ದ.

"ನಿಮಗೂ ಗೊತ್ತಿತ್ತಾ?"

ಅವನು ಕಲಸುವುದನ್ನು ನಿಲ್ಲಿಸಲಿಲ್ಲ. ಅವಳು ಕತ್ತರಿಸತೊಡಗಿದ ಮೊದಲ ವರ್ಷವೇ ಮಾಲೀಕ ತನ್ನನ್ನು ಕರೆಸಿದ್ದನೆಂದು, ನಿನ್ನ ಹೆಂಡತಿ ನಿನಗಿಂತ ಚೆನ್ನಾಗಿ ಕತ್ತರಿಸುತ್ತಾಳೆ, ನಡೆಯಲಿ, ಆದರೆ ಅವಳು ಹೆಲ್ಪರಾಗಿಯೇ ಇರಲಿ, ಅಲ್ಲದಿದ್ದರೆ ಇಬ್ಬರೂ ಬೇರೆ ಕಡೆ ನೋಡಿಕೊಳ್ಳಿ ಎಂದಿದ್ದನೆಂದು ನಿಧಾನವಾಗಿ ಹೇಳಿದ. ಅಷ್ಟು ವರ್ಷ ಮೆಟ್ಟಿಲು ನಡುಗಿದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದಲ್ಲಿ ನಿಂತು ಹಿಡಿಕೆಗೆ ಕೈ ಚಾಚುತ್ತಿದ್ದವನಿಗೆ ಹೆದರಲು ಏನೂ ಇರಲಿಲ್ಲ.

"ಮತ್ತೆ ನನಗ್ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸಂಬಳ ಕೇಳ್ತಿದ್ದೆ," ಎಂದ ಮಾಸ್ಟರ್.

ಬಾಗಿಲ ಬಳಿ ನೀರು ಸದ್ದಾಯಿತು. ಮಗಳು ಒದ್ದೆ ಕಾಲಲ್ಲೇ ಎದ್ದು ನಿಂತಿದ್ದಳು.

"ಅಮ್ಮಾ, ನಾಳೆಯಿಂದ ಹೋಗ್ಬೇಡ. ಅವರೇ ಕತ್ತರಿಸ್ಕೊಳ್ಲಿ."

ಅವಳು ಗಂಡನ ತಟ್ಟೆ ತೆಗೆದುಕೊಂಡಳು. ಮಗನ ಅಂಗಿ ಗೂಟದ ಮೇಲೆ ತೂಗುತ್ತಿತ್ತು, ಅದರ ಜೇಬಿನಿಂದ ಹರಿದ ಗ್ಲೌಸಿನ ಬೆರಳು ಹೊರಗೆ ಕಾಣುತ್ತಿತ್ತು.

"ನಾನು ಹೋಗ್ದಿದ್ರೆ ನಿಮ್ಮಣ್ಣ ಮೆಷಿನ್ ಹಿಡೀತಾನೆ ಕಣೇ," ಎಂದಳು. "ಬೆರಳು ಹೋಗುತ್ತೆ."

ತಟ್ಟೆ ತೊಳೆದಿಟ್ಟು ದೀಪದ ಕೆಳಗೆ ಸೂಜಿ, ಗಟ್ಟಿ ದಾರ ತೆಗೆದುಕೊಂಡು ಕೂತಳು. ಗ್ಲೌಸಿನ ಹರಿದ ಬಲೆಯನ್ನು ಮಗನ ಕೈಯಳತೆಗೆ ಹೊಂದಿಸಿ ಹೊಲಿಯತೊಡಗಿದಳು.